ಜಾಗದ ಚೀಟಿ: ಬರೆಯುವಾಗ ಎನ್‌ಎಫ್‌ಎಸ್ ಕ್ಲೈಂಟ್ ಎಷ್ಟು ಕೇಳುತ್ತದೆ, ಸರ್ವರ್ ಎಷ್ಟು ಕೊಡುತ್ತದೆ

ಪ್ರಶ್ನೆ: ಸರ್, ನಾವು ಶಿರಸಿಯಲ್ಲಿ ನಾಲ್ಕು ಜನ ಸೇರಿ ಯಕ್ಷಗಾನ ರೆಕಾರ್ಡಿಂಗ್ ಮಾಡುತ್ತೇವೆ. ಸಭಾಭವನಕ್ಕೆ ತಾಗಿಯೇ ಸ್ಟುಡಿಯೋ ಇದೆ. ನಾಲ್ಕು ಕ್ಯಾಮೆರಾ, ನಾಲ್ಕು ರೆಕಾರ್ಡಿಂಗ್ ಕಂಪ್ಯೂಟರ್. ಎಲ್ಲವೂ ಒಂದು ಲಿನಕ್ಸ್ ಸರ್ವರಿನ ಎನ್‌ಎಫ್‌ಎಸ್ ಫೋಲ್ಡರಿಗೆ, ಅಂದರೆ ನೆಟ್‌ವರ್ಕ್ ಮೂಲಕ ಹಂಚಿಕೊಂಡ ಫೋಲ್ಡರಿಗೆ, ಬರೆಯುತ್ತವೆ. ಡಿಸ್ಕ್ ಇರುವುದು ಬೇರೆ ಪೆಟ್ಟಿಗೆಯಲ್ಲಿ. ಅದನ್ನು ಐಸ್ಕಸಿ (ಡಿಸ್ಕನ್ನೇ ನೆಟ್‌ವರ್ಕಿನಲ್ಲಿ ಕೊಡುವ ವಿಧಾನ) ಮೂಲಕ ಸರ್ವರ್ ಮತ್ತು ಎಲ್ಲ ಕಂಪ್ಯೂಟರುಗಳಿಗೂ ಕಾಣುವಂತೆ ಮಾಡಿದ್ದೇವೆ. ಸರ್ವರಿನಲ್ಲಿ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಇದೆ, ಎಕ್ಸ್‌ಪೋರ್ಟಿನಲ್ಲಿ ಪಿಎನ್‌ಎಫ್‌ಎಸ್ (ಕಂಪ್ಯೂಟರುಗಳೇ ಡಿಸ್ಕಿಗೆ ನೇರ ಬರೆಯುವ ಬಗೆ) ಹಾಕಿದ್ದೇವೆ. ಒಂದು ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್. ರೆಕಾರ್ಡಿಂಗ್ ಸಾಫ್ಟ್‌ವೇರ್ ಸೆಕೆಂಡಿಗೊಮ್ಮೆ ಎಫ್‌ಸಿಂಕ್ ಮಾಡುತ್ತದೆ, ಅಂದರೆ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಸುತ್ತದೆ. ಮೊನ್ನೆ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಆರರ ತನಕ ಆಟ ಇತ್ತು. ನಡುನಡುವೆ ಒಂದು ಕ್ಯಾಮೆರಾದ ಚಿತ್ರ ಹಾರಿಹೋಗಿದೆ. ಆ ಕಂಪ್ಯೂಟರಿನ ಮೌಂಟ್‌ಸ್ಟ್ಯಾಟ್ಸ್ (ಎನ್‌ಎಫ್‌ಎಸ್ ಕೆಲಸದ ಅಂಕಿಅಂಶ) ನೋಡಿದರೆ ಲೇಔಟ್‌ಗೆಟ್ 30,700 ಸಲ ಹೋಗಿದೆ, ಒಟ್ಟು ಆರ್‌ಟಿಟಿ (ಕೇಳಿ ಉತ್ತರ ಬರುವ ತನಕದ ಹೊತ್ತು) 2,14,900 ಮಿಲಿಸೆಕೆಂಡ್. ಲೇಔಟ್‌ಕಮಿಟ್ 30,640, ಅದಕ್ಕೆ 5,51,520. ಲೇಔಟ್‌ರಿಟರ್ನ್ 412. ಬೆಳಿಗ್ಗೆ ಅದೇ ಫೈಲನ್ನು ಸುಮ್ನೆ ಕಾಪಿ ಮಾಡಿದರೆ ಲೇಔಟ್‌ಗೆಟ್ ಸಾವಿರದ ಆಸುಪಾಸು ಅಷ್ಟೆ. ಬರೆಯುವಾಗ ಕ್ಲೈಂಟ್, ಅಂದರೆ ನಮ್ಮ ಕಂಪ್ಯೂಟರಿನ ಎನ್‌ಎಫ್‌ಎಸ್ ಭಾಗ, ಎಷ್ಟು ಜಾಗದ ಲೇಔಟ್ ಕೇಳಬೇಕು ಎಂದು ಹೇಗೆ ತೀರ್ಮಾನಿಸುತ್ತದೆ? ಒಂದೇ ಸಲ ಜಾಸ್ತಿ ಕೇಳುವಂತೆ ಮಾಡಬಹುದೇ? ಇನ್ನೊಂದು ವಿಷಯ: ರಾತ್ರಿ ಎರಡು ಗಂಟೆಯ ನಂತರ ಎಡಿಟಿಂಗ್ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದು ಚಂಡೆಯ ಶಬ್ದ ಸರಿ ಬರುತ್ತಿದೆಯೇ ಎಂದು ಕೇಳುತ್ತಾ ಕೂತಿದ್ದೆವು. ಅದರಿಂದ ಏನೂ ಆಗಲಿಕ್ಕಿಲ್ಲ ಅಲ್ವಾ?

ಉತ್ತರ: ಅದರಿಂದಲೇ ಆಗಿದೆ.

ನೀವು ಕೊನೆಯಲ್ಲಿ, ಹೋಗಲಿ ಇದೂ ಒಂದು ಇರಲಿ ಎಂಬಂತೆ ಬರೆದ ಸಾಲಿನಲ್ಲೇ ಉತ್ತರ ಇದೆ. 30,700 ನೋಡಿ ನೀವು ಗಾಬರಿಯಾಗಿದ್ದೀರಿ. ನನ್ನ ಕಣ್ಣಿಗೆ ಬಿದ್ದದ್ದು 412. ಆದರೆ ಅದು ಯಾಕೆ ಎಂದು ಹೇಳಬೇಕಾದರೆ ಮೊದಲು ನೀವು ಕೇಳಿದ ಪ್ರಶ್ನೆಗೇ ಬರಬೇಕು. ಲೇಔಟ್ ಕೇಳುವುದು ಹೇಗೆ ಎಂದು ಗೊತ್ತಾದರೆ, ಅದನ್ನು ಹಿಂದೆ ಕೇಳುವುದು ಯಾಕೆ ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಶಿರಸಿಯವರಿಗೆ ಅಡಿಕೆಯ ವಖಾರಿಯನ್ನು ಬಿಟ್ಟು ಬೇರೆ ಹೋಲಿಕೆ ಕೊಟ್ಟರೆ ತಪ್ಪಾದೀತು. ನೀವು ಚಾಲಿ ಅಡಿಕೆ ತುಂಬಿದ ಗಾಡಿ ತಂದಿದ್ದೀರಿ ಎಂದುಕೊಳ್ಳಿ. ಹಳೆಯ ಎನ್‌ಎಫ್‌ಎಸ್‌ನಲ್ಲಿ ಪ್ರತಿ ಚೀಲವನ್ನೂ ಗುಮಾಸ್ತರ ಕೈಗೇ ಕೊಡಬೇಕು, ಅವರೇ ಹೊತ್ತು ಗೋದಾಮಿನಲ್ಲಿ ಇಡುತ್ತಾರೆ. ಗಾಡಿ ಹತ್ತಾದರೆ ಬಾಗಿಲಲ್ಲೇ ಸಾಲು. ಪಿಎನ್‌ಎಫ್‌ಎಸ್‌ನಲ್ಲಿ ಗುಮಾಸ್ತರು ಚೀಲ ಮುಟ್ಟುವುದಿಲ್ಲ. ಒಂದು ಚೀಟಿ ಬರೆದುಕೊಡುತ್ತಾರೆ: ಇಂಥ ಗೋದಾಮು, ಇಂಥ ಸಾಲು, ಇಲ್ಲಿಂದ ಇಲ್ಲಿಯ ತನಕ ನಿಮ್ಮದು. ನಿಮ್ಮ ಆಳುಗಳೇ ನೇರ ಹೋಗಿ ಇಟ್ಟು ಬರುತ್ತಾರೆ. ಇಟ್ಟಾದ ಮೇಲೆ ಬಂದು ಇಷ್ಟು ಇಟ್ಟೆವು ಎಂದು ಪುಸ್ತಕದಲ್ಲಿ ಬರೆಸಬೇಕು. ಗುಮಾಸ್ತರು ಕೇಳಿದರೆ ಚೀಟಿ ವಾಪಸ್ ಕೊಡಬೇಕು.

ಆ ಚೀಟಿಯೇ ಲೇಔಟ್. ಕೇಳುವುದು ಲೇಔಟ್‌ಗೆಟ್. ಪುಸ್ತಕದಲ್ಲಿ ಬರೆಸುವುದು ಲೇಔಟ್‌ಕಮಿಟ್. ಹಿಂದಿರುಗಿಸುವುದು ಲೇಔಟ್‌ರಿಟರ್ನ್. ಗುಮಾಸ್ತರೇ ವಾಪಸ್ ಕೊಡಿ ಎಂದು ಕೂಗುವುದು ಲೇಔಟ್ ರಿಕಾಲ್. ಇದೆಲ್ಲ ಎನ್‌ಎಫ್‌ಎಸ್ 4.1ರಿಂದ ಬಂದದ್ದು. 2010ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 5661ರಲ್ಲಿ ಮೊದಲು ಬರೆದರು, ಈಗ ಅದರ ಜಾಗದಲ್ಲಿ 2020ರ ಆರ್‌ಎಫ್‌ಸಿ 8881 ಇದೆ. ನಿಮ್ಮ ಹಾಗೆ ಡಿಸ್ಕನ್ನೇ ನೇರವಾಗಿ ಮುಟ್ಟುವ ಬಗೆಗೆ ಸ್ಕಸಿ ಲೇಔಟ್ ಎನ್ನುತ್ತಾರೆ, ಅದು ಆರ್‌ಎಫ್‌ಸಿ 8154, 2017ರದ್ದು. ಅದಕ್ಕೂ ಮೊದಲಿನ ಅಣ್ಣ ಬ್ಲಾಕ್ ಲೇಔಟ್. ಇಬ್ಬರ ನಡತೆ ಹೆಚ್ಚುಕಡಿಮೆ ಒಂದೇ, ಲಿನಕ್ಸ್ ಕ್ಲೈಂಟಿನಲ್ಲಿ ಇಬ್ಬರನ್ನೂ ನೋಡಿಕೊಳ್ಳುವ ಡ್ರೈವರ್ ಕೂಡ ಒಂದೇ.

ಈಗ ಚೀಟಿ ಕೇಳುವ ಅರ್ಜಿಯಲ್ಲಿ ಏನೇನಿರುತ್ತದೆ ನೋಡಿ. ಯಾವ ಬಗೆಯ ಲೇಔಟ್ ಬೇಕು ಎಂಬುದು ಮೊದಲು. ಓದಲಿಕ್ಕೋ, ಬರೆಯಲಿಕ್ಕೋ ಎಂಬುದು ಆಮೇಲೆ. ಬರೆಯಲಿಕ್ಕೆ ಎಂದು ಕೇಳಿದ ಚೀಟಿಯಲ್ಲಿ ಓದುವುದಕ್ಕೂ ಅಡ್ಡಿಯಿಲ್ಲ. ಆಮೇಲೆ ಮೂರು ಸಂಖ್ಯೆ ಬರುತ್ತವೆ. ಫೈಲಿನ ಎಷ್ಟನೇ ಬೈಟಿನಿಂದ ಬೇಕು ಎಂಬುದು ಆಫ್‌ಸೆಟ್. ಎಷ್ಟು ಉದ್ದ ಸಿಕ್ಕರೆ ಒಳ್ಳೆಯದು ಎಂಬುದು ಲೆಂತ್. ಇಷ್ಟಕ್ಕಿಂತ ಕಡಿಮೆ ಕೊಡುವುದಾದರೆ ಬೇಡವೇ ಬೇಡ ಎಂಬುದು ಮಿನ್‌ಲೆಂತ್.

ತುಂಬಾ ಜನ ಎಡವುವುದು ಈ ಕೊನೆಯ ಎರಡರಲ್ಲಿ. ಲೆಂತ್ ಎಂದರೆ ಆಸೆ. ಮಿನ್‌ಲೆಂತ್ ಎಂದರೆ ಹಟ. ಸರ್ವರ್ ಆಸೆಯನ್ನು ಪೂರ್ತಿ ನಡೆಸಬೇಕೆಂದಿಲ್ಲ. ಆಸೆಗಿಂತ ಜಾಸ್ತಿಯನ್ನೂ ಕೊಡಬಹುದು, ಕಡಿಮೆಯನ್ನೂ ಕೊಡಬಹುದು. ಹಟದಷ್ಟು ಕೊಡಲಾಗದಿದ್ದರೆ ಮಾತ್ರ ಇಲ್ಲ ಎನ್ನಬೇಕು. ಲಿನಕ್ಸ್ ಕ್ಲೈಂಟಿನ ಹಟ ಬಹಳ ಸಣ್ಣದು, ಒಂದು ಪುಟ. ಅಂದರೆ ನಿಮ್ಮ ಕಂಪ್ಯೂಟರುಗಳಲ್ಲಿ 4,096 ಬೈಟ್. ಉಳಿದದ್ದೆಲ್ಲ ಆಸೆಯೇ.

ಹಾಗಾದರೆ ಆ ಆಸೆ ಎಷ್ಟು ದೊಡ್ಡದು? ಅದು ಲೇಔಟಿನ ಬಗೆಯ ಮೇಲಿದೆ.

ಫೈಲ್ ಲೇಔಟ್ ಎಂಬ ಇನ್ನೊಂದು ಬಗೆ ಇದೆ. ಅದರಲ್ಲಿ ಒಂದು ಫೈಲನ್ನು ಹಲವು ಸರ್ವರುಗಳ ಮೇಲೆ ಪಟ್ಟಿಪಟ್ಟಿಯಾಗಿ ಹಂಚಿರುತ್ತಾರೆ. ಮೊದಲ ತುಂಡು ಒಂದರಲ್ಲಿ, ಎರಡನೆಯದು ಇನ್ನೊಂದರಲ್ಲಿ, ಹೀಗೆ ಸುತ್ತುತ್ತದೆ. ಅಲ್ಲಿ ಚೀಟಿ ಎಂದರೆ ಬರೀ ಒಂದು ಸೂತ್ರ. ಸೂತ್ರ ಗೊತ್ತಾದ ಮೇಲೆ ಫೈಲ್ ಎಷ್ಟೇ ಉದ್ದವಾದರೂ ಯಾವ ತುಂಡು ಎಲ್ಲಿ ಎಂದು ಕ್ಲೈಂಟೇ ಲೆಕ್ಕ ಹಾಕಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಕ್ಲೈಂಟ್ ನಾಚಿಕೆಯಿಲ್ಲದೆ ಸೊನ್ನೆಯಿಂದ ಕೊನೆಯ ತನಕ ಕೇಳುತ್ತದೆ. ಲೆಂತ್ ಜಾಗದಲ್ಲಿ 64 ಬಿಟ್‌ಗಳನ್ನೂ 1 ಮಾಡಿ ಕಳಿಸಿದರೆ ಇಡೀ ಫೈಲಿನದು ಎಂದರ್ಥ. ಕೊಡುವವರಿಗೂ ಖರ್ಚಿಲ್ಲ.

ನಿಮ್ಮದು ಹಾಗಲ್ಲ. ಸ್ಕಸಿ ಲೇಔಟಿನಲ್ಲಿ ಚೀಟಿಯ ಒಂದೊಂದು ಸಾಲೂ ಡಿಸ್ಕಿನ ನಿಜವಾದ ಜಾಗ. ಬರೆಯಲಿಕ್ಕೆ ಎಂದು ಕೇಳಿದಾಗ, ಅಲ್ಲಿ ಇನ್ನೂ ಜಾಗ ಹಂಚಿರದಿದ್ದರೆ, ಸರ್ವರ್ ಆ ಕ್ಷಣದಲ್ಲೇ ಎಕ್ಸ್‌ಎಫ್‌ಎಸ್‌ನಲ್ಲಿ ಜಾಗ ಹಂಚಬೇಕು. ಎಲ್ಲರೂ ಕೊನೆಯ ತನಕ ಕೊಡಿ ಎಂದು ಕೂತರೆ ಡಿಸ್ಕ್ ಉಳಿಯುವುದಿಲ್ಲ. ಅದಕ್ಕೇ ಇಲ್ಲಿ ಕ್ಲೈಂಟ್ ಲೆಕ್ಕಾಚಾರದ ಮನುಷ್ಯ. ತನಗೆ ಗೊತ್ತಿರುವಷ್ಟೇ ಕೇಳುತ್ತದೆ.

ಗೊತ್ತಿರುವಷ್ಟು ಎಂದರೆ ಎಷ್ಟು? ನಿಮ್ಮ ಸಾಫ್ಟ್‌ವೇರ್ ಬರೆದದ್ದು ನೇರ ನೆಟ್‌ವರ್ಕಿಗೆ ಹೋಗುವುದಿಲ್ಲ. ಮೊದಲು ನಿಮ್ಮದೇ ಕಂಪ್ಯೂಟರಿನ ಮೆಮೊರಿಯಲ್ಲಿ, ಪೇಜ್ ಕ್ಯಾಶ್‌ನಲ್ಲಿ, ಪುಟಪುಟವಾಗಿ ಕೂರುತ್ತದೆ. ಅದನ್ನು ಹೊರಗೆ ಕಳಿಸುವ ಹೊತ್ತು ಬಂದಾಗ ಕ್ಲೈಂಟ್ ಮೊದಲ ಪುಟ ಎತ್ತಿಕೊಂಡು, ಇದಕ್ಕೆ ಹೊಂದುವ ಚೀಟಿ ಕೈಯಲ್ಲಿ ಇದೆಯೇ ಎಂದು ನೋಡುತ್ತದೆ. ಇದ್ದರೆ ಕೇಳುವ ಮಾತೇ ಇಲ್ಲ. ಇಲ್ಲದಿದ್ದರೆ ಆ ಪುಟದಿಂದ ಮುಂದೆ ಎಡೆಬಿಡದೆ ಎಷ್ಟು ಪುಟಗಳು ಕ್ಯಾಶ್‌ನಲ್ಲಿವೆ ಎಂದು ಎಣಿಸುತ್ತದೆ. ಮೊದಲ ಖಾಲಿ ಜಾಗ ಸಿಕ್ಕಲ್ಲಿ ನಿಲ್ಲುತ್ತದೆ. ಆ ಎಣಿಕೆಯೇ ಲೆಂತ್.

ಇಷ್ಟೇ ಗುಟ್ಟು. ನಿಮ್ಮ ಎರಡು ಅಂಕಿಗಳ ಅಂತರ ಇಲ್ಲೇ ಇದೆ.

50 ಮೆಗಾಬಿಟ್ ಎಂದರೆ ಸೆಕೆಂಡಿಗೆ 6.25 ಎಂಬಿ. ಸೆಕೆಂಡಿಗೊಮ್ಮೆ ಎಫ್‌ಸಿಂಕ್ ಬಂತು ಎಂದರೆ ಕ್ಲೈಂಟ್ ಎಣಿಸಲು ಕೂತಾಗ ಮುಂದೆ ಇರುವುದು ಸುಮಾರು 1,500 ಪುಟ ಅಷ್ಟೆ. ಅದರ ಮುಂದೆ ಫೈಲೇ ಇಲ್ಲ. ಬೆಳಗಿನ ತನಕ ಆಟ ಇದೆ, ಕೊನೆಗೆ 191 ಜಿಬಿ ಆಗುತ್ತದೆ ಎಂದು ನಿಮಗೆ ಗೊತ್ತು, ಭಾಗವತರಿಗೆ ಗೊತ್ತು. ಪಾಪ, ಕ್ಲೈಂಟಿಗೆ ಯಾರೂ ಹೇಳಿಲ್ಲ. 6.25 ಎಂಬಿಯ ಚೀಟಿ ತಂದು, ಬರೆದು, ಮುಂದಿನ ಸೆಕೆಂಡಿಗೆ ಮತ್ತೆ ಓಡುತ್ತದೆ. ಎಂಟೂವರೆ ಗಂಟೆ ಎಂದರೆ 30,600 ಸೆಕೆಂಡ್. ನಿಮ್ಮ ಲೇಔಟ್‌ಗೆಟ್ 30,700. ಲೆಕ್ಕ ತಾಳೆಯಾಯಿತಲ್ಲ.

ಬೆಳಿಗ್ಗೆ ಕಾಪಿ ಮಾಡಿದಾಗ ಯಾರೂ ಎಫ್‌ಸಿಂಕ್ ಎಂದು ಬೆನ್ನು ತಟ್ಟುತ್ತಿರಲಿಲ್ಲ. ಪುಟಗಳು ಕ್ಯಾಶ್‌ನಲ್ಲಿ ರಾಶಿ ಬಿದ್ದವು. ಕ್ಲೈಂಟ್ ಎಣಿಸಲು ಕೂತಾಗ ನೂರಾರು ಎಂಬಿ ಒಟ್ಟೊಟ್ಟಿಗೆ ಸಿಕ್ಕಿತು, ಅಷ್ಟುದ್ದದ ಚೀಟಿ ಕೇಳಿತು. ಹಾಗಾಗಿ ಸಾವಿರಕ್ಕೇ ಮುಗಿಯಿತು.

ಕ್ಯಾಶ್ ದಾಟಿ ಬರೆಯುವ ಡೈರೆಕ್ಟ್ ಐಓ ಸಾಫ್ಟ್‌ವೇರುಗಳಲ್ಲಿ ಎಣಿಸಲು ಪುಟವೇ ಇರುವುದಿಲ್ಲ. ಅಲ್ಲಿ ಆ ಒಂದು ರೈಟ್‌ನಲ್ಲಿ ಇನ್ನೆಷ್ಟು ಬೈಟ್ ಬಾಕಿ ಇದೆಯೋ ಅದೇ ಲೆಂತ್. ಒಂದೊಂದು ಎಂಬಿ ಬರೆದರೆ ಒಂದೊಂದು ಎಂಬಿಯ ಆಸೆ. ನಿಮ್ಮದು ಆ ಜಾತಿಯದಲ್ಲ, ಆದರೂ ಮುಂದೆ ಸಾಫ್ಟ್‌ವೇರ್ ಬದಲಿಸಿದರೆ ನೆನಪಿರಲಿ.

ಇನ್ನೊಂದು ಸಣ್ಣ ವಿಷಯ. ಪುಟದ ಅಂಚಿಗೆ ಸರಿಯಾಗಿ ಕೂರದ ತುಂಡು ಬರಹ ಫೈಲಿನ ನಡುವೆ ಬಂದರೆ ಈ ಡ್ರೈವರ್ ಚೀಟಿಯ ಗೋಜಿಗೇ ಹೋಗುವುದಿಲ್ಲ. ಅದನ್ನು ಹಳೆಯ ದಾರಿಯಲ್ಲಿ ಸರ್ವರಿಗೇ ಕಳಿಸುತ್ತದೆ. ಫೈಲಿನ ತುದಿಯ ಅರ್ಧ ಪುಟಕ್ಕೆ ಮಾತ್ರ ವಿನಾಯಿತಿ. ರೆಕಾರ್ಡಿಂಗ್ ಮುಗಿದಾಗ ಕೆಲವು ಸಾಫ್ಟ್‌ವೇರುಗಳು ಹಿಂದೆ ಹೋಗಿ ಫೈಲಿನ ತಲೆಯಲ್ಲಿ ನಾಲ್ಕು ಬೈಟ್ ತಿದ್ದುತ್ತವಲ್ಲ, ಅದು ಹೀಗೆ ಹೋಗುತ್ತದೆ. ಮೌಂಟ್‌ಸ್ಟ್ಯಾಟ್ಸ್‌ನಲ್ಲಿ ಸಾಮಾನ್ಯ ರೈಟ್ ಒಂದೆರಡು ಕಂಡರೆ ಪಿಎನ್‌ಎಫ್‌ಎಸ್ ಕೆಟ್ಟಿತು ಅಂದುಕೊಳ್ಳಬೇಡಿ.

ಈಗ ಸರ್ವರಿನ ಕಡೆ. ಲಿನಕ್ಸ್ ಸರ್ವರಿಗೆ ಎಕ್ಸ್‌ಎಫ್‌ಎಸ್ ಮೇಲೆ ಹೀಗೆ ಬ್ಲಾಕ್ ಲೇಔಟ್ ಕೊಡಲು ಬಂದದ್ದು 2015ರ 4.0 ಕರ್ನಲ್‌ನಲ್ಲಿ. ಸ್ಕಸಿ ಲೇಔಟ್ 2016ರ 4.6ರಲ್ಲಿ ಬಂತು. ಬರೆಯುವ ಚೀಟಿ ಕೇಳಿದಾಗ ಅದು ಎಕ್ಸ್‌ಎಫ್‌ಎಸ್ ಅನ್ನು ವಿಚಾರಿಸುತ್ತದೆ: ಈ ಆಫ್‌ಸೆಟ್‌ನಲ್ಲಿ ಜಾಗ ಇದೆಯೇ? ಇದ್ದರೆ ಅದನ್ನೇ ಬರೆದುಕೊಡುತ್ತದೆ. ಇಲ್ಲದಿದ್ದರೆ ಜಾಗ ಹಂಚಿ, ಇದು ಇನ್ನೂ ಬರೆಯದ ಜಾಗ ಎಂದು ಗುರುತು ಹಾಕಿ ಕೊಡುತ್ತದೆ. ಆ ಗುರುತು ಬಹಳ ಮುಖ್ಯ. ಅಲ್ಲಿ ಹಿಂದೆ ಯಾರದೋ ಅಳಿಸಿದ ಫೈಲಿನ ಹಳೆಯ ಬೈಟುಗಳು ಇರಬಹುದು. ಲೇಔಟ್‌ಕಮಿಟ್ ಬರುವ ತನಕ ಬೇರೆ ಯಾರು ಓದಿದರೂ ಅಲ್ಲಿ ಸೊನ್ನೆಗಳೇ ಕಾಣಬೇಕು. ಕಮಿಟ್ ಆದ ಮೇಲೆ ಸರ್ವರ್ ಗುರುತು ತೆಗೆದು, ಫೈಲಿನ ಉದ್ದವನ್ನೂ ಹೆಚ್ಚಿಸುತ್ತದೆ. ನಿಮ್ಮ ಲೇಔಟ್‌ಕಮಿಟ್ 30,640 ಆದದ್ದು ಇದಕ್ಕೇ. ಪ್ರತಿ ಎಫ್‌ಸಿಂಕ್‌ಗೂ ಒಂದು.

ಸರಿ, ಇಷ್ಟೆಲ್ಲ ಓಡಾಟಕ್ಕೆ ಹೊತ್ತು ಎಷ್ಟು ಹೋಯಿತು? ಲೇಔಟ್‌ಗೆಟ್‌ಗೆ 2,14,900 ಮಿಲಿಸೆಕೆಂಡನ್ನು 30,700ರಿಂದ ಭಾಗಿಸಿ. ಒಂದಕ್ಕೆ 7 ಮಿಲಿಸೆಕೆಂಡ್. ಲೇಔಟ್‌ಕಮಿಟ್‌ಗೆ 18. ಎರಡೂ ಸೇರಿ ಪ್ರತಿ ಸೆಕೆಂಡಿನಲ್ಲಿ 25 ಮಿಲಿಸೆಕೆಂಡ್. ಇಡೀ ರಾತ್ರಿಯದನ್ನು ಕೂಡಿಸಿದರೆ ಹದಿಮೂರು ನಿಮಿಷ ಆಗುತ್ತದೆ, ಕೇಳಲಿಕ್ಕೆ ದೊಡ್ಡದು. ಆದರೆ ಒಂದು ಸೆಕೆಂಡಿನ ಕೆಲಸದಲ್ಲಿ ನಲವತ್ತನೇ ಒಂದು ಪಾಲು. ಅದಕ್ಕೆ ಯಾವ ಕ್ಯಾಮೆರಾದ ಚಿತ್ರವೂ ಹಾರುವುದಿಲ್ಲ. ಉಳಿದ ಮೂರು ಕಂಪ್ಯೂಟರುಗಳ ಅಂಕಿಯನ್ನೂ ತೆಗೆದು ನೋಡಿ. ಅಲ್ಲೂ ಲೇಔಟ್‌ಗೆಟ್ ಮೂವತ್ತು ಸಾವಿರದ ಮೇಲೇ ಇರುತ್ತದೆ, ಅಲ್ಲಿ ಚಿತ್ರ ಹಾರಿಲ್ಲವಲ್ಲ.

ಅದಕ್ಕೇ ಹೇಳಿದ್ದು, 412ನ್ನು ನೋಡಿ ಎಂದು. ಒಂದು ರಾತ್ರಿ, ಒಂದು ಫೈಲ್. ಬೆಳಿಗ್ಗೆ ಮುಚ್ಚುವಾಗಲೋ ಆಮೇಲೋ ಚೀಟಿ ಒಮ್ಮೆ ಹಿಂದಿರುಗಿಸಿದರೆ ಸಾಕು. ಹೆಚ್ಚೆಂದರೆ ಎರಡೋ ಮೂರೋ. 412 ಸಲ ಹಿಂದಿರುಗಿಸಿದೆ ಎಂದರೆ ಯಾರೋ 400 ಸಲ ಕೇಳಿ ಕಿತ್ತುಕೊಂಡಿದ್ದಾರೆ.

ಕಿತ್ತುಕೊಂಡವರು ನೀವೇ ಮಾರಾಯ್ರೆ, ಚಂಡೆ ಕೇಳಲು ಕೂತು.

ಎಡಿಟಿಂಗ್ ಕಂಪ್ಯೂಟರ್ ಕೂಡ ಪಿಎನ್‌ಎಫ್‌ಎಸ್ ಕ್ಲೈಂಟೇ. ಅದು ಫೈಲ್ ತೆರೆದು ಓದಲು ಹೊರಟಾಗ ತನಗೂ ಒಂದು ಚೀಟಿ ಬೇಕು ಎಂದಿತು, ಓದುವ ಚೀಟಿ. ಲಿನಕ್ಸ್ ಸರ್ವರಿನ ನಿಯಮ ಇಲ್ಲಿ ತುಂಬಾ ಬಿಗಿ. ಒಂದು ಫೈಲಿಗೆ ಬೇರೊಂದು ಕ್ಲೈಂಟಿನ ಕೈಯಲ್ಲಿ ಚೀಟಿ ಇದ್ದರೆ, ಹೊಸಬರು ಓದಲಿಕ್ಕೆ ಕೇಳಲಿ, ಬರೆಯಲಿಕ್ಕೆ ಕೇಳಲಿ, ಇಬ್ಬರ ಜಾಗ ಬೇರೆಬೇರೆಯೇ ಇರಲಿ, ಹಳಬರಿಂದ ಇಡೀ ಫೈಲಿನ ಚೀಟಿಯನ್ನು ವಾಪಸ್ ಕೇಳುತ್ತದೆ. ಹೊಸಬರಿಗೆ ರಿಕಾಲ್ ಕಾನ್‌ಫ್ಲಿಕ್ಟ್ ಎಂಬ ಉತ್ತರ ಕೊಟ್ಟು ಕಾಯಿಸುತ್ತದೆ. ನಿಮ್ಮ ರೆಕಾರ್ಡಿಂಗ್ ಕಂಪ್ಯೂಟರ್ ನಡೆಯುತ್ತಿದ್ದ ಬರಹ ಮುಗಿಸಿ ಚೀಟಿ ಹಿಂದಿರುಗಿಸಿತು. ಮುಂದಿನ ಸೆಕೆಂಡಿಗೆ ಮತ್ತೆ ಕೇಳಿತು. ಆಗ ಚೀಟಿ ಎಡಿಟಿಂಗಿನವರ ಕೈಯಲ್ಲಿ! ಅವರಿಂದ ಕಿತ್ತು ಇವರಿಗೆ. ಅಷ್ಟರಲ್ಲಿ ಪ್ಲೇಯರಿಗೆ ಮುಂದಿನ ತುಂಡು ಬೇಕಾಯಿತು, ಇವರಿಂದ ಕಿತ್ತು ಅವರಿಗೆ.

ಇದರಲ್ಲಿ ಹೆಚ್ಚಿನ ಸುತ್ತು ಬೇಗ ಮುಗಿಯುತ್ತದೆ, ಹಾಗಾಗಿ ಸರಾಸರಿಯಲ್ಲಿ ಏನೂ ಕಾಣುವುದಿಲ್ಲ. ಒಂದೊಂದು ಸಲ ಕಾಯಿಸಿದಾಗ ಎಫ್‌ಸಿಂಕ್ ಅಲ್ಲೇ ನಿಲ್ಲುತ್ತದೆ. ಸಾಫ್ಟ್‌ವೇರಿನ ಬಫರ್ ತುಂಬುತ್ತದೆ. ಚಿತ್ರ ಹಾರುತ್ತದೆ. ಹಾರಿದ ಜಾಗಗಳ ಗಡಿಯಾರ ನೋಡಿ, ಎಲ್ಲವೂ ಎರಡು ಗಂಟೆಯ ಆಚೆಗೇ ಇರಬೇಕು.

ನಗಬೇಡಿ ಎಂದು ನಾನು ಹೇಳುವ ಹಾಗಿಲ್ಲ, ಇದೇ ಕೆಲಸ ನಾನೂ ಮಾಡಿದ್ದೇನೆ. ಕಾರವಾರದಲ್ಲಿ ಒಂದು ಕಡೆ ಹೀಗೇ ಬರಹ ನಿಂತುನಿಂತು ಹೋಗುತ್ತಿತ್ತು. ಕಟ್ಟಡ ಕಡಲಿಗೆ ಹತ್ತಿರ. ಉಪ್ಪುಗಾಳಿಗೆ ಕೇಬಲಿನ ತುದಿ ಹಸಿರುಗಟ್ಟಿದೆ ಎಂದುಕೊಂಡೆ. ನಿಜವಾಗಿಯೂ ಹಸಿರುಗಟ್ಟಿತ್ತು. ಎಲ್ಲ ತುದಿ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ, ಸ್ವಿಚ್ಚೂ ಬದಲಿಸಿದೆ. ಎರಡು ದಿನ ಹೋಯಿತು, ತೊಂದರೆ ಹಾಗೇ ಇತ್ತು. ಕೊನೆಗೆ ನೋಡಿದರೆ, ಬರಹ ಸರಿಯಾಗಿ ನಡೆಯುತ್ತಿದೆಯೇ ಎಂದು ಐದು ನಿಮಿಷಕ್ಕೊಮ್ಮೆ ಬೇರೆ ಕಂಪ್ಯೂಟರಿನಿಂದ ಆ ಫೈಲನ್ನು ತೆರೆದು ನೋಡುವ ಸ್ಕ್ರಿಪ್ಟ್ ಇಟ್ಟಿದ್ದೆ. ಅದನ್ನು ಬರೆದವನು ನಾನೇ. ಅವತ್ತಿನಿಂದ ಯಾರೇ ಪಿಎನ್‌ಎಫ್‌ಎಸ್ ನಿಧಾನ ಎಂದರೂ ನಾನು ಮೊದಲು ನೋಡುವುದು ಲೇಔಟ್‌ರಿಟರ್ನ್ ಸಾಲು.

ಈಗ ಏನು ಮಾಡಬೇಕು?

ಮೊದಲನೆಯದು ಸುಲಭ. ಶಬ್ದ ಕೇಳುವ ಕಂಪ್ಯೂಟರಿನಲ್ಲಿ ಆ ಫೋಲ್ಡರನ್ನು ರೆಕಾರ್ಡಿಂಗ್ ಹೊತ್ತಿನಲ್ಲಿ ಎನ್‌ಎಫ್‌ಎಸ್ 4.0 ಆಗಿ ಮೌಂಟ್ ಮಾಡಿ. 4.0ರಲ್ಲಿ ಲೇಔಟ್ ಎಂಬುದೇ ಇಲ್ಲ. ಅದು ಓದುವುದೆಲ್ಲ ಸರ್ವರ್ ಮೂಲಕ ಬರುತ್ತದೆ. ಸರ್ವರ್ ತಾನೇ ಓದಿದರೆ ಯಾರ ಚೀಟಿಯನ್ನೂ ವಾಪಸ್ ಕೇಳಬೇಕಾಗಿಲ್ಲ. ಒಂದೇ ಮಿತಿ, ಕಾಣುವುದು ಕೊನೆಯ ಲೇಔಟ್‌ಕಮಿಟ್ ತನಕದ್ದು. ಸೆಕೆಂಡಿಗೊಮ್ಮೆ ಕಮಿಟ್ ಆಗುತ್ತಿರುವ ನಿಮಗೆ ಅದು ಲೆಕ್ಕಕ್ಕೇ ಇಲ್ಲ.

ಎರಡನೆಯದು ನನ್ನ ಅಭಿಪ್ರಾಯ, ಬೇಕಾದರೆ ತಗೊಳ್ಳಿ. ರೆಕಾರ್ಡಿಂಗ್‌ಗೆ ನಿಮಗೆ ಪಿಎನ್‌ಎಫ್‌ಎಸ್ ಬೇಕಾಗಿಯೇ ಇಲ್ಲ. ನಾಲ್ಕು ಕ್ಯಾಮೆರಾ ಸೇರಿ ಸೆಕೆಂಡಿಗೆ 25 ಎಂಬಿ. ಸಾಮಾನ್ಯ ಗಿಗಾಬಿಟ್ ತಂತಿಯಲ್ಲಿ ನೂರು ಎಂಬಿಗಿಂತ ಜಾಸ್ತಿ ಹೋಗುತ್ತದೆ. ನಾಲ್ಕೇ ಗಾಡಿ, ಅದೂ ನಿಧಾನ ಬರುವ ಗಾಡಿ. ಗುಮಾಸ್ತರೇ ಹೊತ್ತು ಇಡಲಿ ಬಿಡಿ. ನಾಲ್ಕೂ ರೆಕಾರ್ಡಿಂಗ್ ಕಂಪ್ಯೂಟರುಗಳನ್ನು 4.0ಕ್ಕೆ ಹಾಕಿದರೆ ಲೇಔಟಿನ ತಕರಾರೇ ಇಲ್ಲ. ಆಗಲೂ ಶಬ್ದ ಕೇಳುವ ಕಂಪ್ಯೂಟರ್ 4.0ರಲ್ಲೇ ಇರಲಿ. ಯಾಕೆಂದರೆ ಅದರ ಕೈಯಲ್ಲಿ ಓದುವ ಚೀಟಿ ಇದ್ದು, ಈ ಕಡೆ ಸರ್ವರ್ ಆ ಫೈಲಿಗೆ ತಾನೇ ಬರೆಯಲು ಹೊರಟರೆ, ಎಕ್ಸ್‌ಎಫ್‌ಎಸ್ ಬರೆಯುವ ಮೊದಲು ಚೀಟಿ ವಾಪಸ್ ಬರಲಿ ಎಂದು ಕಾಯುತ್ತದೆ. ಮತ್ತೆ ಅದೇ ಕಥೆ. ಪಿಎನ್‌ಎಫ್‌ಎಸ್ ನಿಮಗೆ ನಿಜವಾಗಿ ಉಪಯೋಗವಾಗುವುದು ಮರುದಿನ, 191 ಜಿಬಿಯ ನಾಲ್ಕು ಫೈಲುಗಳನ್ನು ಎಡಿಟಿಂಗ್‌ಗೆ ಎಳೆಯುವಾಗ.

ಇಲ್ಲ, ಬರೆಯುವಾಗಲೂ ಪಿಎನ್‌ಎಫ್‌ಎಸ್ ಇರಲೇಬೇಕು, ಕ್ಯಾಮೆರಾ ಜಾಸ್ತಿಯಾಗಲಿವೆ ಎಂದಾದರೆ ನಿಮ್ಮ ಮೂಲ ಪ್ರಶ್ನೆಗೆ ಬರೋಣ: ಒಂದೇ ಸಲ ಜಾಸ್ತಿ ಸಿಗುವಂತೆ ಮಾಡುವುದು ಹೇಗೆ? ಇಷ್ಟು ಎಂಬಿ ಕೇಳು ಎಂದು ಕ್ಲೈಂಟಿಗೆ ಹೇಳುವ ಮೌಂಟ್ ಆಯ್ಕೆ ಇಲ್ಲ. ಸುತ್ತಿ ಬರಬೇಕು.

ಎಫ್‌ಸಿಂಕನ್ನು ಹತ್ತು ಸೆಕೆಂಡಿಗೊಮ್ಮೆ ಮಾಡಿದರೆ ಎಣಿಕೆಗೆ 62.5 ಎಂಬಿ ಸಿಗುತ್ತದೆ. ಲೇಔಟ್‌ಗೆಟ್ ಮೂರು ಸಾವಿರಕ್ಕೆ ಇಳಿಯುತ್ತದೆ. ಕರೆಂಟ್ ಹೋದರೆ ಹೋಗುವುದು ಒಂದರ ಬದಲು ಹತ್ತು ಸೆಕೆಂಡಿನ ಆಟ. ಮರ ಬಿದ್ದು ಲೈನ್ ಹರಿಯುವುದು ನಮ್ಮ ಕಡೆ ಹೊಸತಲ್ಲ, ಹಾಗಾಗಿ ಯುಪಿಎಸ್ ಬ್ಯಾಟರಿ ನೋಡಿಕೊಂಡು ಇದನ್ನು ಮಾಡಿ. ಸರ್ವರಿಗೂ ಡಿಸ್ಕಿನ ಪೆಟ್ಟಿಗೆಗೂ ಯುಪಿಎಸ್ ಕೊಟ್ಟು ನಡುವಿನ ಸ್ವಿಚ್ಚನ್ನು ಮರೆಯುವವರೇ ಜಾಸ್ತಿ.

ಇನ್ನೊಂದು ದಾರಿ ಸರ್ವರಿನಲ್ಲಿ. ಎಕ್ಸ್‌ಎಫ್‌ಎಸ್‌ಗೆ ಎಕ್ಸ್‌ಟೆಂಟ್ ಸೈಜ್ ಎಂಬ ಸುಳಿವು ಕೊಡಬಹುದು. ಎಕ್ಸ್‌ಎಫ್‌ಎಸ್‌ಐಓ ಕಮಾಂಡಿನಲ್ಲಿ ರೆಕಾರ್ಡಿಂಗ್ ಫೋಲ್ಡರಿಗೆ ಎಕ್ಸ್‌ಟಿಸೈಜ್ 64 ಎಂಬಿ ಎಂದು ಹಾಕಿದರೆ, ಅದರೊಳಗೆ ಆಮೇಲೆ ಹುಟ್ಟುವ ಫೈಲುಗಳಿಗೆಲ್ಲ ಅದು ಅನ್ವಯಿಸುತ್ತದೆ. ಕ್ಲೈಂಟ್ 6 ಎಂಬಿ ಕೇಳಿದರೂ ಎಕ್ಸ್‌ಎಫ್‌ಎಸ್ 64ರ ಕಟ್ಟಿನಲ್ಲೇ ಜಾಗ ಹಂಚಿಡುತ್ತದೆ. ಮುಂದಿನ ಸಲ ಕೇಳಿದಾಗ ಹೊಸದಾಗಿ ಹಂಚುವ ಕೆಲಸವಿಲ್ಲ, ಹಂಚಿಟ್ಟದ್ದನ್ನು ಬರೆದುಕೊಟ್ಟರೆ ಆಯಿತು. ಫೈಲ್ ಡಿಸ್ಕಿನಲ್ಲಿ ಚೂರುಚೂರಾಗುವುದೂ ತಪ್ಪುತ್ತದೆ. ನಾಲ್ಕು ಕ್ಯಾಮೆರಾ ಒಟ್ಟಿಗೆ ಬರೆಯುವಲ್ಲಿ ಇದು ನಿಜವಾದ ಲಾಭ, ಚೀಟಿಯ ಲೆಕ್ಕಕ್ಕಿಂತ ಮರುದಿನ ಓದುವಾಗ ಗೊತ್ತಾಗುತ್ತದೆ. ನಾನಾದರೆ ಬೇರೆ ಏನು ಮಾಡದಿದ್ದರೂ ಇದನ್ನು ಮಾಡುತ್ತೇನೆ.

ಮೂರನೆಯದು, ಇಡೀ ರಾತ್ರಿಯ ಜಾಗವನ್ನು ಮೊದಲೇ ಹಿಡಿದಿಡುವುದು. ಆಟ ಶುರುವಾಗುವ ಮೊದಲು ಎಫ್‌ಆಲೊಕೇಟ್ ಕಮಾಂಡಿನಿಂದ 200 ಜಿಬಿ. ಇದನ್ನು ಕ್ಲೈಂಟಿನಿಂದಲೇ ಮಾಡಬಹುದು, ಎನ್‌ಎಫ್‌ಎಸ್ 4.2 ಇರಬೇಕು. ಆದರೆ ಆಗ ಫೈಲ್ ಹುಟ್ಟುವಾಗಲೇ 200 ಜಿಬಿ ಉದ್ದ ಕಾಣುತ್ತದೆ. ಉದ್ದ ಬದಲಿಸದೆ ಜಾಗ ಮಾತ್ರ ಹಿಡಿಯುವ ಆಯ್ಕೆಯನ್ನು ಎನ್‌ಎಫ್‌ಎಸ್ ಕ್ಲೈಂಟ್ ಒಪ್ಪುವುದಿಲ್ಲ, ಅದನ್ನು ಸರ್ವರಿನಲ್ಲಿ ಕೂತೇ ಮಾಡಬೇಕು. ಇನ್ನೂ ಒಂದು ಕೊಕ್ಕೆ ಇದೆ. ತುಂಬಾ ರೆಕಾರ್ಡಿಂಗ್ ಸಾಫ್ಟ್‌ವೇರುಗಳು ಫೈಲ್ ತೆರೆಯುವಾಗಲೇ ಇದ್ದದ್ದನ್ನೆಲ್ಲ ಸೊನ್ನೆ ಮಾಡಿಬಿಡುತ್ತವೆ. ಹಾಗೆ ಮಾಡಿದರೆ ನೀವು ಹಿಡಿದಿಟ್ಟ ಜಾಗವೂ ಹೋಯಿತು. ನಿಮ್ಮದು ಆ ಜಾತಿಯದೋ ಎಂದು ಒಂದು ಸಣ್ಣ ಫೈಲಿನಲ್ಲಿ ಮೊದಲು ನೋಡಿಕೊಳ್ಳಿ.

ಚೀಟಿ ಕೇಳಿ ಸರ್ವರ್ ಕೊಡದೇ ಹೋದರೆ ಏನಾಗುತ್ತದೆ ಎಂದೂ ತಿಳಿದಿರಲಿ. ಬರಹ ನಿಲ್ಲುವುದಿಲ್ಲ, ಹಳೆಯ ದಾರಿಯಲ್ಲಿ ಸರ್ವರ್ ಮೂಲಕ ಹೋಗುತ್ತದೆ. ಹಾಗೆ ಸೋತ ಮೇಲೆ ಲಿನಕ್ಸ್ ಕ್ಲೈಂಟ್ ಆ ಫೈಲಿಗೆ ಎರಡು ನಿಮಿಷ ಚೀಟಿಯನ್ನೇ ಕೇಳುವುದಿಲ್ಲ. ಒಮ್ಮೊಮ್ಮೆ ಎರಡೆರಡು ನಿಮಿಷ ಪಿಎನ್‌ಎಫ್‌ಎಸ್ ಮಾಯವಾದಂತೆ ಕಂಡು ಮತ್ತೆ ಬರುವುದು ಇದರಿಂದ. ವಾಪಸ್ ಕೇಳಿದ ಚೀಟಿಯನ್ನು ಕ್ಲೈಂಟ್ ಕೊಡದೇ ಕೂತರೆ ಮಾತ್ರ ಸರ್ವರ್ ಸುಮ್ಮನಿರುವುದಿಲ್ಲ. ಸ್ಕಸಿ ಲೇಔಟಿನಲ್ಲಿ ಡಿಸ್ಕಿಗೇ ಹೇಳಿ ಆ ಕಂಪ್ಯೂಟರನ್ನು ಹೊರಗಿಡುತ್ತದೆ. ರೆಕಾರ್ಡಿಂಗ್ ನಡೆಯುವಾಗ ಕ್ಲೈಂಟಿನ ನೆಟ್‌ವರ್ಕ್ ತಂತಿ ಕಿತ್ತು ಪರೀಕ್ಷೆ ಮಾಡುವ ಮನಸ್ಸಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಮುಂದಿನ ಆಟದ ದಿನ ಹೀಗೆ ಮಾಡಿ. ಎಡಿಟಿಂಗ್ ಕಂಪ್ಯೂಟರನ್ನು 4.0ಕ್ಕೆ ಹಾಕಿ, ಬೇರೇನೂ ಬದಲಿಸಬೇಡಿ. ಮೌಂಟ್‌ಸ್ಟ್ಯಾಟ್ಸ್‌ನಲ್ಲಿ ಆ ಮೌಂಟಿನ ಎದುರು ಪಿಎನ್‌ಎಫ್‌ಎಸ್ ನಾಟ್ ಕಾನ್ಫಿಗರ್ಡ್ ಎಂದು ಇರಬೇಕು, ಇಲ್ಲವೇ ಆ ಪದವೇ ಕಾಣಬಾರದು. ರಾತ್ರಿ ಎಷ್ಟು ಬೇಕಾದರೂ ಚಂಡೆ ಕೇಳಿ. ಬೆಳಿಗ್ಗೆ ವೇಷ ಕಳಚುವ ಹೊತ್ತಿಗೆ ರೆಕಾರ್ಡಿಂಗ್ ಕಂಪ್ಯೂಟರಿನ ಲೇಔಟ್‌ರಿಟರ್ನ್ ಸಾಲನ್ನು ನೋಡಿ, ಹಿಂದಿನ ರಾತ್ರಿಯ ಅಂಕಿಯನ್ನು ಕಳೆಯಿರಿ. ಒಂದಂಕಿಯಲ್ಲಿದ್ದರೆ ನಾನು ಹೇಳಿದ್ದು ಸರಿ. ಇನ್ನೂ ನೂರರಲ್ಲಿದ್ದರೆ ಬೇರೆ ಯಾವುದೋ ಕಂಪ್ಯೂಟರ್ ಆ ಫೈಲನ್ನು ಮುಟ್ಟುತ್ತಿದೆ. ವಿಡಿಯೋದ ಸಣ್ಣ ಚಿತ್ರ ತೋರಿಸಲು ಫೋಲ್ಡರ್ ತೆರೆದ ಕೂಡಲೇ ಪ್ರತಿ ಫೈಲನ್ನೂ ಓದುವ ಫೈಲ್ ಮ್ಯಾನೇಜರುಗಳಿವೆ. ಆ ಫೋಲ್ಡರನ್ನು ಯಾವ ಕಂಪ್ಯೂಟರಿನಲ್ಲಿ ತೆರೆದಿಟ್ಟು ಹೋಗಿದ್ದೀರಿ ಎಂದು ಮೊದಲು ಹುಡುಕಿ.